ಪಳಗಿದ ಕಿವಿ

ಸಿದ್ದಲಿಂಗೇಶನಿಗೆ ತನ್ನ ಕಿವಿಯ ಬಗ್ಗೆ ಅಭಿಮಾನವಿತ್ತು. ವಾಡಿಯಿಂದ ಚಿತ್ತಾಪುರಕ್ಕೆ ಹೋಗುವ ದಾರಿಯಲ್ಲಿನ ಸಿಮೆಂಟ್ ಫ್ಯಾಕ್ಟರಿಯೊಂದರ ಮಿಲ್ ವಿಭಾಗದಲ್ಲಿ ಅವನದು ಹತ್ತೊಂಬತ್ತು ವರ್ಷದ ನೌಕರಿ. ಬಸ್ಸಿನಷ್ಟು ಉದ್ದದ ಉಕ್ಕಿನ ಪೀಪಾಯಿಯೊಂದು ಅಲ್ಲಿ ಬಿಡುವಿಲ್ಲದೆ ಉರುಳುತ್ತದೆ. ಅದರ ಹೊಟ್ಟೆಯೊಳಗೆ ಸಾವಿರಾರು ಉಕ್ಕಿನ ಗುಂಡುಗಳು ಕಲ್ಲನ್ನು ಹಿಟ್ಟು ಮಾಡುತ್ತವೆ. ಇಬ್ಬರು ಎದುರುಬದುರು ನಿಂತು ಕಿರುಚಿದರೂ ಮಾತು ತಿಳಿಯದಂಥ ಸದ್ದು ಅದು. ಅಲ್ಲಿ ಎಲ್ಲರದೂ ಕೈಸನ್ನೆಯ ಭಾಷೆ. ಸಿದ್ದಲಿಂಗೇಶ ಮಾತ್ರ ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ಪೀಪಾಯಿಯ ಭಾರ ಹೊತ್ತು ತಿರುಗುವ ಬೇರಿಂಗಿಗೆ ಹಚ್ಚಿ, ಇನ್ನೊಂದು ತುದಿಯನ್ನು ಕಿವಿಯ ಹತ್ತಿರ ಒತ್ತಿ ಹಿಡಿದು, "ಇದು ಇನ್ನೆಂಟು ದಿನ ನಡೀತದ, ಆಮ್ಯಾಲ ಹೋಗ್ತದ" ಎಂದು ಹೇಳಿಬಿಡುತ್ತಿದ್ದ. ಹೆಚ್ಚುಕಡಿಮೆ ಹಾಗೆಯೇ ಆಗುತ್ತಿತ್ತು. ಫ್ಯಾಕ್ಟರಿಯವರು ಕೊಟ್ಟ ಸ್ಪಂಜಿನ ಬಿರಡೆಗಳು ಅವನ ಅಂಗಿಯ ಜೇಬಿನಲ್ಲೇ ಉಳಿಯುತ್ತಿದ್ದವು. ಅವನ್ನು ಕಿವಿಗೆ ತುರುಕಿಕೊಂಡರೆ ಬೇರಿಂಗಿನ ದನಿ ಹೇಗೆ ಕೇಳಬೇಕು? ಮೇಲಿನವರೂ ಅದನ್ನು ಕಂಡೂ ಕಾಣದಂತೆ ಇದ್ದರು. ಅವನ ಕಿವಿಯಿಂದ ಅವರಿಗೆ ಉಪಯೋಗವಿತ್ತು.

ಈ ಕಿವಿಗೆ ಹಾಡಿನ ಹುಚ್ಚು ಹಿಡಿಸಿದವನು ಸೇಡಂನ ಅಣವೀರ. ಸೇಡಂ ಬಸ್‌ಸ್ಟ್ಯಾಂಡಿನ ಎದುರಿನ ಸಾಲಿನಲ್ಲಿ ಅವನದೊಂದು ರಿಪೇರಿ ಅಂಗಡಿ. ಏಳೆಂಟು ವರ್ಷದ ಹಿಂದೆ ಸಿದ್ದಲಿಂಗೇಶ ಮಾವನ ಮನೆಗೆಂದು ಸೇಡಂಗೆ ಹೋದವನು ಕೆಟ್ಟ ಮಿಕ್ಸರ್ ಹಿಡಿದುಕೊಂಡು ಆ ಅಂಗಡಿ ಹತ್ತಿದ್ದ. ಕೆಲಸ ಮುಗಿಯುವವರೆಗೆ ಹೊತ್ತು ಹೋಗಲೆಂದು ಅಣವೀರ ಅವನ ತಲೆಗೆ ಒಂದು ದೊಡ್ಡ ಹೆಡ್‌ಫೋನ್ ಏರಿಸಿ, ಅದರ ವೈರನ್ನು ಸೋಪಿನ ಡಬ್ಬಿಯಷ್ಟಿದ್ದ ಕಪ್ಪು ಪೆಟ್ಟಿಗೆಯೊಂದಕ್ಕೆ ಸಿಕ್ಕಿಸಿದ.

"ಇದಕ್ಕ ಆಂಪ್ ಅಂತಾರ. ಇಂಥ ಹೆಡ್‌ಫೋನ್ ಎಳೆಯೋ ತಾಕತ್ತು ಮೊಬೈಲಿಗಿ ಇರಾಂಗಿಲ್ಲ. ನಡುವ ಇದು ಕುಂತು ಬಲ ಕೊಡ್ತದ. ಕೇಳು."

ಸಿದ್ದಲಿಂಗೇಶ ಕೇಳಿದ. ಯಾರೋ ಭೀಮಪಲಾಸ ಹಾಡುತ್ತಿದ್ದರು. ತಂಬೂರಿಯ ನಾಲ್ಕೂ ತಂತಿ ಬೇರೆ ಬೇರೆಯಾಗಿ ಕೇಳಿದವು. ಹಾಡುವವರು ಉಸಿರೆಳೆದುಕೊಂಡದ್ದು ಕೇಳಿತು. ಅವರ ಹಿಂದೆಲ್ಲೋ ಕುಳಿತವರೊಬ್ಬರು ಬಳೆ ಸರಿಸಿಕೊಂಡದ್ದೂ ಕೇಳಿತು. ಹತ್ತು ನಿಮಿಷದ ಮೇಲೆ ಹೆಡ್‌ಫೋನ್ ತೆಗೆದಾಗ ಅವನ ಕಣ್ಣು ಒದ್ದೆಯಾಗಿದ್ದವು. ಅಣವೀರ ನಕ್ಕು, "ಆತು, ನೀನೂ ಬಿದ್ದಿ" ಎಂದ. ಅವನು ಕೊಂಡ ಆ ಕಪ್ಪು ಪೆಟ್ಟಿಗೆ ಹೆಡ್‌ಫೋನ್ ಸಮೇತ ಮಿಕ್ಸರಿನ ಜೊತೆಗೇ ಫ್ಯಾಕ್ಟರಿಯ ಕ್ವಾರ್ಟರ್ಸಿಗೆ ಬಂತು.

ಅಣವೀರ ಅವನಿಗಿಂತ ನಾಲ್ಕೈದು ವರ್ಷ ದೊಡ್ಡವನು. ಇವನಿಗೆ ಅವನು ಅಣವೀರಣ್ಣ, ಅವನಿಗೆ ಇವನು ಸಿದ್ದು. ತಿಂಗಳಿಗೊಮ್ಮೆ ಸಿದ್ದಲಿಂಗೇಶ ವಾಡಿಯಲ್ಲಿ ಪ್ಯಾಸೆಂಜರ್ ಹತ್ತಿ ಸೇಡಂಗೆ ಹೋಗಿ, ಆ ಅಂಗಡಿಯ ಸ್ಟೂಲಿನ ಮೇಲೆ ಅರ್ಧ ದಿನ ಕುಳಿತು ಬರುತ್ತಿದ್ದ. ಅಣವೀರ ಆಂಪನ್ನು ಬಿಚ್ಚಿ, ಧೂಳು ಒರೆಸಿ, ವಾಲ್ಯೂಮ್ ಗುಂಡಿಗೆ ಎರಡು ಹನಿ ಔಷಧ ಬಿಟ್ಟು, ಯಾವ ದಿನ ಏನು ಮಾಡಿದೆನೆಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ. ಅವನ ಅಂಗಡಿಗೆ ಬಂದ ಪ್ರತಿಯೊಂದು ಸಾಮಾನಿಗೂ ಆ ಪುಸ್ತಕದಲ್ಲಿ ನಾಲ್ಕು ಸಾಲಿನ ಜಾತಕವಿತ್ತು.

ಇಂಥ ಹುಚ್ಚಿನವರದೊಂದು ವಾಟ್ಸಾಪ್ ಗುಂಪಿತ್ತು. ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿ, ಕಲಬುರಗಿಯ ನಲವತ್ತು ಮಂದಿ ಅದರಲ್ಲಿದ್ದರು. ಗುಂಪು ಕಟ್ಟಿದವರು ಸಂತೋಷಕುಮಾರ ಸಾಹೇಬರು. ಅವರು ಸಿದ್ದಲಿಂಗೇಶನ ಫ್ಯಾಕ್ಟರಿಯಲ್ಲೇ ಇಂಜಿನಿಯರು. ಕೂಡುವುದು ಗಾಜು ಹಾಕಿದ ತಣ್ಣನೆಯ ಕಂಟ್ರೋಲ್ ರೂಮಿನಲ್ಲಿ. ಫ್ಯಾಕ್ಟರಿಯಲ್ಲಿ ಅವರಿಗೆ ಸಲಾಮು ಹೊಡೆಯುವ ಸಿದ್ದಲಿಂಗೇಶ ಗುಂಪಿನಲ್ಲಿ ಅವರ ಸರಿಸಮ ಕುಳಿತು ಹಾಡಿನ ಮಾತಾಡುತ್ತಿದ್ದ. ಆ ಸಲುಗೆಯೂ ಅವನಿಗೆ ಒಂದು ರುಚಿಯಾಗಿತ್ತು.

ಗುಂಪಿನಲ್ಲಿ ದಿನವೂ ಯಾರಾದರೊಬ್ಬರು ತಮ್ಮ ಮೊದಲ ಆಂಪನ್ನು ಮಾರಲು ಇಡುತ್ತಿದ್ದರು. ದೊಡ್ಡ ಹೆಡ್‌ಫೋನ್ ತಂದೆ, ಅದಕ್ಕೆ ಇದರ ಬಲ ಸಾಲದು ಎನ್ನುವವನೊಬ್ಬ. ವಾಲ್ಯೂಮ್ ತೀರ ಕೆಳಗಿಟ್ಟರೆ ಎಡಗಿವಿಗೆ ಹೆಚ್ಚು, ಬಲಗಿವಿಗೆ ಕಡಿಮೆ ಕೇಳುತ್ತದೆ ಎನ್ನುವವನು ಇನ್ನೊಬ್ಬ. ಹಾಡು ನಿಂತಾಗ ಸುಯ್ ಎನ್ನುತ್ತದೆ ಎಂಬುದು ಚಿಂಚೋಳಿಯ ಲೈನ್‌ಮನ್‌ನ ದೂರು. ಎಷ್ಟೋ ಮಂದಿಗೆ ಕಾರಣವೇ ಇರಲಿಲ್ಲ. ಎಂಟ್ರಿ ಲೆವೆಲ್ ಎನ್ನುವ ಕಡಿಮೆ ಬೆಲೆಯ ಪೆಟ್ಟಿಗೆಗೆ ಹೊಸದಾಗಿ ಬಂದ ಗಿರಾಕಿಯೊಬ್ಬ ಯಾವಾಗಲೂ ಸಿಗುತ್ತಿದ್ದ, ಹೆಚ್ಚು ಲುಕ್ಸಾನಿಲ್ಲದೆ ಕೈದಾಟುತ್ತಿತ್ತು. ಮಾರಬಹುದು ಎನ್ನುವುದೇ ಮಾರುವುದಕ್ಕೆ ಸಾಕಾಗಿತ್ತು.

"ಪೆಟ್ಟಿಗಿ ಕೆಟ್ಟಿರಾಂಗಿಲ್ಲ ಸಿದ್ದು" ಎನ್ನುತ್ತಿದ್ದ ಅಣವೀರ. "ಮೊದಲಿನ ದಿನದ ಖುಷಿ ಇರ್ತದಲ್ಲ, ನಾಕು ತಿಂಗಳಾದ ಮ್ಯಾಲ ಅದು ಇರಾಂಗಿಲ್ಲ. ಅದನ್ನ ಹುಡುಕ್ಕೋಂತ ಇನ್ನೊಂದು ತರ್ತಾರ."

ಮೂರನೆಯ ವರ್ಷ ಸಿದ್ದಲಿಂಗೇಶನಿಗೂ ಹಾಗಾಯಿತು. ಹಾಡಿನ ಮೇಲೆ ಯಾರೋ ತೆಳ್ಳನೆಯ ಧೋತರ ಹೊದಿಸಿದಂತೆ ಅನ್ನಿಸತೊಡಗಿತು. ತಂಬೂರಿಯ ತಂತಿಗಳು ಒಂದರೊಳಗೊಂದು ಬೆರೆತುಹೋದವು. ಆ ಬಳೆಯ ಸದ್ದು ಎಷ್ಟು ಹುಡುಕಿದರೂ ಸಿಗಲಿಲ್ಲ. ಗುಂಪಿನಲ್ಲಿ ಕೇಳಿದ. ಸಂತೋಷಕುಮಾರ ಸಾಹೇಬರು ಮರುದಿನ ಫ್ಯಾಕ್ಟರಿಯ ಕ್ಯಾಂಟೀನಿನಲ್ಲೇ ಅವನನ್ನು ಕರೆದು ಹೇಳಿದರು:

"ನಿಮ್ಮ ಕಿವಿ ಈಗ ಪಳಗ್ಯಾವ ಸಿದ್ದಲಿಂಗೇಶ್. ಹೊಸಬರಿಗೆ ಎಲ್ಲಾ ಚಂದನೇ ಕೇಳ್ತದ. ಕಿವಿ ಪಳಗಿದ ಮ್ಯಾಲೇ ಅಗ್ಗದ ಆಂಪಿನ ಕೊರತಿ ತಿಳಿಯೋದು. ಅಪ್‌ಗ್ರೇಡ್ ಮಾಡ್ರಿ."

ನಾಲ್ಕು ಮಂದಿ ಕೆಲಸಗಾರರ ಎದುರಿಗೆ ಇಂಜಿನಿಯರ್ ಸಾಹೇಬರು ತನ್ನ ಕಿವಿಯನ್ನು ಹೊಗಳಿದ್ದು ಅವನಿಗೆ ಎಂಟು ದಿನದ ಉಣಿಸಾಯಿತು. ಅಣವೀರ ಮೀಟರ್ ಹಚ್ಚಿ ನೋಡಿ, "ಬರೋಬರಿ ಅದ, ಮಾರಬ್ಯಾಡ" ಎಂದ. ಇವನು ಕೇಳಲಿಲ್ಲ. ಶಹಾಬಾದದ ಹೈಸ್ಕೂಲಿನಲ್ಲಿ ಕಲಿಸುವ ಶೈಸ್ತಾ ಎಂಬ ಟೀಚರು ಆ ಕಪ್ಪು ಪೆಟ್ಟಿಗೆಯನ್ನು ಕೊಂಡರು. ವಾರದೊಳಗೆ ಅವರ ಫೋನು ಬಂತು.

"ಭಾಯಿ, ಇಷ್ಟು ಚಲೋ ಪೆಟ್ಟಿಗಿ ಯಾಕ ಮಾರಿದ್ರಿ? ಸಾರಂಗಿ ತಂತಿ ಮ್ಯಾಲ ಬೆರಳು ಜಾರೋದು ಸೈತ ಕೇಳ್ತದ ನನಗ."

"ಇನ್ನೊಂದೆರಡು ವರ್ಷ ಹೋಗಲಿ ಟೀಚರ್, ಆವಾಗ ತಿಳೀತದ ನಿಮಗ" ಎಂದು ಸಿದ್ದಲಿಂಗೇಶ ಹೇಳಿದ. ಅವರ ಬಗ್ಗೆ ಅವನಿಗೆ ಕನಿಕರವೇ ಆಯಿತು.

ಮುಂದಿನ ಮೂರು ವರ್ಷಗಳಲ್ಲಿ ಮೂರು ಆಂಪ್ ಬಂದವು, ಮೂರೂ ಹೋದವು. ಪ್ರತಿಯೊಂದೂ ಹಿಂದಿನದಕ್ಕಿಂತ ಬಲವಾದದ್ದು. ಮೊದಲ ವಾರ ಧೋತರ ಸರಿದಂತಾಗುತ್ತಿತ್ತು, ಹಾಡು ಮುಂದೆ ಬಂದು ನಿಲ್ಲುತ್ತಿತ್ತು. ತಿಂಗಳು ಕಳೆಯುವುದರೊಳಗೆ ಮತ್ತೆ ಅದೇ ಮಂಕು. ಆಗ ಗುಂಡಿಯನ್ನು ಇನ್ನೊಂದಿಷ್ಟು ಮೇಲಕ್ಕೆ ತಿರುಗಿಸುತ್ತಿದ್ದ. ಮೊದಮೊದಲು ಕಾಲು ಭಾಗದ ಆಚೆ ಹೋಗದಿದ್ದ ಗುಂಡಿ ಈಗ ಮುಕ್ಕಾಲು ದಾಟಿತ್ತು.

"ಹೆಡ್‌ಫೋನ್ ನಿಮ್ಮ ಕಿವ್ಯಾಗ ಅದನೋ, ಓಣಿಗೆಲ್ಲಾ ಹಚ್ಚೀರೋ?" ಎನ್ನುತ್ತಿದ್ದಳು ಹೆಂಡತಿ ಭಾಗ್ಯಜ್ಯೋತಿ. "ಅಡಗಿಮನಿತನಾ ಕೇಳ್ತದ. ನಾ ಕರದ್ರ ಮಾತ್ರ ನಿಮಗ ಕೇಳಾಂಗಿಲ್ಲ."

"ನೀ ಬಾಯಾಗ ಬಾಯಾಗ ಮಾತಾಡ್ತಿ. ಬಿಡಿಸಿ ಮಾತಾಡು" ಎಂದು ಅವನು ಅವಳಿಗೇ ತಿರುಗಿ ಬೀಳುತ್ತಿದ್ದ.

ಕಡೆಗೆ ಅವನ ಕಣ್ಣು ಅಣವೀರನ ಸ್ವಂತ ಆಂಪಿನ ಮೇಲೆ ಬಿತ್ತು. ಅದು ಅಣವೀರ ಕೆಟ್ಟ ಸ್ಥಿತಿಯಲ್ಲಿ ತಂದು, ಒಂದೊಂದೇ ಬಿಡಿಭಾಗ ಹುಡುಕಿ ಜೀವ ತುಂಬಿದ ಪೆಟ್ಟಿಗೆ. ಎಂಟು ವರ್ಷದಿಂದ ಅವನ ಟೇಬಲಿನ ಮೇಲಿತ್ತು. ಕೇಳಿದವರಿಗೆಲ್ಲ ಇಲ್ಲ ಎಂದಿದ್ದ. ಸಿದ್ದಲಿಂಗೇಶ ಎರಡು ತಿಂಗಳು ಬೆನ್ನು ಹತ್ತಿದ ಮೇಲೆ ಅಣವೀರ ಹಣ ತೆಗೆದುಕೊಂಡು ಅದನ್ನು ಹಳೇ ಟವಲಿನಲ್ಲಿ ಸುತ್ತಿ ಕೊಟ್ಟ.

"ಇದನ್ನ ಭಾಳ ಸಲ ಬಿಚ್ಚೀನಿ, ರಿಪೇರಿ ಮಾಡೀನಿ, ಅದು ನಿನಗ ಗೊತ್ತೇ ಅದ. ತಗೊಂಡು ಹೋಗು. ನಿನ್ನ ಹುಡುಕಾಟ ಇಲ್ಲಿಗಿ ಮುಗೀಲಿ."

ಹುಡುಕಾಟ ಒಂದು ತಿಂಗಳು ನಿಂತಿತು. ಆಮೇಲೆ ಮತ್ತೆ ಧೋತರ. ಈ ಸಲ ಹಾಡಿನೊಳಗಿನ ಸ, ಶ ಅಕ್ಷರಗಳೇ ಬಿಟ್ಟುಹೋದಂತೆ ಕೇಳುತ್ತಿತ್ತು. ಇಷ್ಟು ಒಳ್ಳೆಯದೆಂದು ಹೆಸರಾದ ಪೆಟ್ಟಿಗೆ ಹೀಗೆ ಕೇಳುವುದೆಂದರೆ? ಸಿದ್ದಲಿಂಗೇಶ ಅದನ್ನು ತಿರುವಿ ನೋಡಿದ. ತಳದ ಸ್ಕ್ರೂಗಳ ತಲೆ ಸವೆದಿದ್ದವು. ಬಹಳ ಸಲ ಬಿಚ್ಚಿದೆ ಎಂದು ಅಣವೀರನೇ ಹೇಳಿದ್ದು ನೆನಪಾಗಲಿಲ್ಲವೆಂದಲ್ಲ. ನೆನಪಾಯಿತು, ಆದರೆ ಬೇರೆಯೇ ಅರ್ಥ ಹಚ್ಚಿಕೊಂಡು ನೆನಪಾಯಿತು. ಕೊಡುವ ಮೊದಲು ಒಳಗಿನ ಒಳ್ಳೆಯ ಭಾಗ ತೆಗೆದು ಅಗ್ಗದ್ದು ಹಾಕಿರಬೇಕು. ಇಲ್ಲದಿದ್ದರೆ ಎಂಟು ವರ್ಷ ಯಾರಿಗೂ ಕೊಡದವನು ತನಗೇಕೆ ಕೊಟ್ಟ?

ಸಂತೋಷಕುಮಾರ ಸಾಹೇಬರಿಗೆ ಹೇಳಿದ. ಅವರು ಪೆಟ್ಟಿಗೆಯನ್ನು ತರಿಸಿ ಕೇಳಲೂ ಇಲ್ಲ. "ನಿಮ್ಮ ಕಿವಿ ಮ್ಯಾಲ ನನಗ ನಂಬಿಕಿ ಅದ. ಗುಂಪಿನ್ಯಾಗ ಹಾಕ್ರಿ. ಉಳಿದವರು ಹುಷಾರಾಗಲಿ" ಎಂದರು.

ಸಿದ್ದಲಿಂಗೇಶ ಉದ್ದಕ್ಕೆ ಬರೆದ. ಅಣವೀರ ಒಳಗಿನ ಸಾಮಾನು ಬದಲಿಸಿ ಮಾರುತ್ತಾನೆ, ಅವನ ಮಾತು ನಂಬಿ ಯಾರೂ ಏನನ್ನೂ ಕೊಳ್ಳಬೇಡಿ, ರಿಪೇರಿಗೂ ಕೊಡಬೇಡಿ ಎಂದು ಬರೆದ. ಬರೆಯುವಾಗ ಒಂದು ಬಗೆಯ ಹುರುಪು ಇತ್ತು. ಗುಂಪು ಹೊತ್ತಿಕೊಂಡಿತು. ನನ್ನದೂ ಹಾಗೇ ಆಗಿತ್ತು ಎನ್ನುವವರು ಇಬ್ಬರು ಹುಟ್ಟಿಕೊಂಡರು. ಶೈಸ್ತಾ ಟೀಚರು ಒಬ್ಬರೇ, "ಮೊದಲ ಅದನ್ನ ಬ್ಯಾರೆ ಯಾರಿಗಾದರೂ ಕೊಟ್ಟು ಕೇಳಸ್ರಿ" ಎಂದು ಬರೆದರು. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಅಣವೀರ ಬರೆದದ್ದು ಒಂದೇ ಸಾಲು: "ಪೆಟ್ಟಿಗಿ ತಗೊಂಡು ಬರ್ರಿ, ನಿಮ್ಮ ರೊಕ್ಕ ಪೂರಾ ವಾಪಸ್ ಕೊಡ್ತೀನಿ." ಆ ಸಂಜೆಯೇ ಸಾಹೇಬರು ಅವನನ್ನು ಗುಂಪಿನಿಂದ ತೆಗೆದುಹಾಕಿದರು.

ಸಿದ್ದಲಿಂಗೇಶ ಸೇಡಂಗೆ ಹೋದ. ಅಣವೀರ ಪೆಟ್ಟಿಗೆ ತೆಗೆದುಕೊಂಡು ಕಪಾಟಿನಲ್ಲಿಟ್ಟ, ಹಣ ಕೊಟ್ಟ.

"ಕುಂದ್ರಿ, ಚಹಾ ತರಸ್ತೀನಿ" ಎಂದ.

ಕುಂದ್ರಿ ಎಂಬ ಮಾತು ಸಿದ್ದಲಿಂಗೇಶನಿಗೆ ಕಪಾಳಕ್ಕೆ ಬಿದ್ದಂತಾಯಿತು. ಇಷ್ಟು ವರ್ಷ ಕುಂದ್ರು ಎನ್ನುತ್ತಿದ್ದವನು. ಚಹಾ ಬೇಡವೆಂದು ಹೇಳಿ ಹೊರಗೆ ಬಿದ್ದ. ಅಣವೀರನಿಗೆ ಬರುತ್ತಿದ್ದ ಕೆಲಸದಲ್ಲಿ ಅರ್ಧ ಆ ಗುಂಪಿನವರಿಂದ, ಅವರು ಕಳಿಸಿದವರಿಂದ ಬರುತ್ತಿತ್ತು. ಅದು ನಿಂತುಹೋಯಿತು. ಆರು ತಿಂಗಳಲ್ಲಿ ಅವನ ಅಂಗಡಿಯ ಮುಂಭಾಗಕ್ಕೆ ಮೊಬೈಲ್ ಕವರುಗಳೂ ಚಾರ್ಜರುಗಳೂ ಬಂದವೆಂದು ಸಿದ್ದಲಿಂಗೇಶನಿಗೆ ಮಾವನ ಮನೆಯವರಿಂದ ತಿಳಿಯಿತು. ತನ್ನ ಮಟ್ಟಿಗೆ ಅವನು ಸರಿಯಾದದ್ದನ್ನೇ ಮಾಡಿದ್ದ.

ಶ್ರಾವಣದಲ್ಲಿ ಮಗಳು ಗಂಗಾಂಬಿಕಾಗೆ ಜ್ವರ ಬಂತು. ಹತ್ತು ವರ್ಷದ ಹುಡುಗಿ. ಭಾಗ್ಯಜ್ಯೋತಿ ರೇಷನ್ನಿಗೆ ಹೋಗಿದ್ದಳು. ಸಿದ್ದಲಿಂಗೇಶ ಥರ್ಮಾಮೀಟರನ್ನು ಮಗಳ ಕಂಕುಳಲ್ಲಿಟ್ಟು, ಅದು ಕೂಗಲಿ ಎಂದು ಪಕ್ಕದಲ್ಲಿ ಕುಳಿತ. ಐದು ನಿಮಿಷವಾಯಿತು. ಹತ್ತು ನಿಮಿಷವಾಯಿತು.

"ಸೆಲ್ ಹೋಗ್ಯಾದ ಕಾಣ್ತದ ಇದರದು" ಎಂದ.

"ಅಪ್ಪಾ, ಅದು ಆಗಲೇ ಕೂಗ್ತಲ್ಲ."

"ಎಲ್ಲಿ ಕೂಗ್ತು?"

"ಪೀಂ ಪೀಂ ಅಂತು. ನೀ ಸುಮ್ಮ ಕುಂತಿದ್ದಿ."

ಅವನು ಅದನ್ನು ಆರಿಸಿ ಮತ್ತೆ ಇಟ್ಟ. ಈಗ ಮಗಳ ಮುಖವನ್ನೇ ನೋಡುತ್ತ ಕುಳಿತ. ಸ್ವಲ್ಪ ಹೊತ್ತಿಗೆ ಅವಳು ಬೆರಳೆತ್ತಿ, "ಈಗ, ಈಗ ನೋಡು, ಕೂಗಾಕತ್ತದ" ಎಂದಳು. ಅವನು ಥರ್ಮಾಮೀಟರನ್ನು ಕಿತ್ತು ತನ್ನ ಕಿವಿಗೆ ಒತ್ತಿಕೊಂಡ. ಬಲಗಿವಿ, ಆಮೇಲೆ ಎಡಗಿವಿ. ಏನೂ ಇಲ್ಲ. ಗಾಜಿನ ಮೇಲೆ ನೂರಾ ಒಂದು ಎಂದು ಅಂಕಿ ಮಿನುಗುತ್ತಿತ್ತು. ಮಗಳು ಅಪ್ಪ ಆಟ ಆಡುತ್ತಿದ್ದಾನೆಂದು ನಕ್ಕಳು.

ಮರುವಾರ ಅವನು ಯಾರಿಗೂ ಹೇಳದೆ ಕಲಬುರಗಿಗೆ ಹೋಗಿ ಕಿವಿಯ ಡಾಕ್ಟರನ್ನು ಕಂಡ. ಉಮಾದೇವಿ ಎಂಬ ಆ ಡಾಕ್ಟರು ಅವನನ್ನು ಗಾಜಿನ ಕೋಣೆಯಲ್ಲಿ ಕೂಡಿಸಿ, ಒಂದೊಂದೇ ಸ್ವರ ಕೇಳಿಸಿ, ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು.

"ಕೆಳಗಿನ ಸ್ವರ ಬರೋಬರಿ ಅವ. ಮ್ಯಾಲಿನ ಸ್ವರದಾಗ ನೋಡ್ರಿ, ಗೆರಿ ಬಾವ್ಯಾಗ ಬಿದ್ದಂಗ ಬಿದ್ದದ. ಎರಡೂ ಕಿವ್ಯಾಗ. ಎಲ್ಲಿ ಕೆಲಸ ಮಾಡ್ತೀರಿ?"

ಹೇಳಿದ.

"ಕಿವಿಗೆ ಏನರೆ ಹಾಕ್ಕೋತೀರೇನು?"

ಬಿರಡೆಗಳು ಜೇಬಿನಲ್ಲೇ ಇರುತ್ತವೆ ಎಂದ. ಹೆಡ್‌ಫೋನಿನ ವಿಚಾರವನ್ನೂ ಹೇಳಿದ. ಮೊದಲು ಸಣ್ಣಗೆ ಇಡುತ್ತಿದ್ದೆ, ಈಗ ಜೋರು ಎಂದ.

"ಜೋರು ಮಾಡಿದ್ದು ಕೇಳದಂಗ ಆದ ಮ್ಯಾಲ. ಅದರಿಂದ ಇನ್ನಷ್ಟು ಕೆಟ್ಟಿರಬಹುದು. ಯಾವುದರದು ಎಷ್ಟು ಅಂತ ಈ ಗೆರಿ ಹೇಳಾಂಗಿಲ್ಲ. ಹೋದದ್ದು ಬರಾಂಗಿಲ್ಲ, ಇದ್ದದ್ದು ಉಳಿಸ್ಕೋರಿ. ನಿಮ್ಮ ಫ್ಯಾಕ್ಟರ್‍ಯಾಗ ವರ್ಷಾ ಕಿವಿ ಪರೀಕ್ಷಾ ಮಾಡ್ತಾರಲ್ಲ, ಆ ಕಾಗದ ತರ್ರಿ."

ಫ್ಯಾಕ್ಟರಿಯ ಆರೋಗ್ಯ ಕೇಂದ್ರದ ಗುಮಾಸ್ತ ಮೂರು ದಿನ ಓಡಾಡಿಸಿ ಏಳು ಕಾಗದ ಕೊಟ್ಟ. ಏಳು ವರ್ಷದ ಏಳು ಗೆರೆಗಳು. ಮೊದಲ ಎರಡು ನೆಟ್ಟಗಿದ್ದವು. ಮೂರನೆಯದರಲ್ಲಿ ಒಂದು ಸಣ್ಣ ತಗ್ಗು. ಅಲ್ಲಿಂದ ಮುಂದೆ ವರ್ಷ ವರ್ಷಕ್ಕೂ ಆ ತಗ್ಗು ಆಳವಾಗುತ್ತ ಹೋಗಿತ್ತು. ಏಳರ ಮೇಲೂ "ಕೆಲಸಕ್ಕೆ ಯೋಗ್ಯ" ಎಂಬ ಠಸ್ಸೆ. ಅದರ ಕೆಳಗೆ ಅವನದೇ ಸಹಿ.

"ನನಗ ಯಾರೂ ಹೇಳಲೇ ಇಲ್ಲಲ್ಲ" ಎಂದ.

"ನೀವು ಸಹಿ ಮಾಡೀರಲ್ರಿ" ಎಂದ ಗುಮಾಸ್ತ.

ಮೂರನೆಯ ಕಾಗದದ ತಾರೀಖನ್ನು ಸಿದ್ದಲಿಂಗೇಶ ಎರಡು ಸಲ ಓದಿದ. ಕಪ್ಪು ಪೆಟ್ಟಿಗೆ ಮಂಕಾಯಿತೆಂದು ಶೈಸ್ತಾ ಟೀಚರಿಗೆ ಮಾರಿದ ವರ್ಷ ಅದು. ಆ ಪೆಟ್ಟಿಗೆ ಸರಿಯಾಗಿತ್ತು. ಆಮೇಲೆ ಬಂದ ಮೂರೂ ಸರಿಯಾಗಿದ್ದವು. ಅಣವೀರನದು ಎಲ್ಲಕ್ಕಿಂತ ಸರಿಯಾಗಿತ್ತು. ಕಿವಿ ಪಳಗಿದೆ ಎಂದು ಬೀಗಿಕೊಂಡು ಓಡಾಡಿದ ಅಷ್ಟೂ ವರ್ಷ ಅದು ಸಾಯುತ್ತಿತ್ತು. ಕಾಗದ ಹಿಡಿದುಕೊಂಡು ಆರೋಗ್ಯ ಕೇಂದ್ರದ ಮೆಟ್ಟಿಲ ಮೇಲೆ ಕುಳಿತಾಗ ಅವನಿಗೆ ಮೊದಲು ಬಂದದ್ದು ದುಃಖವಲ್ಲ, ನಾಚಿಕೆ.

ಆ ಭಾನುವಾರ ಸೇಡಂಗೆ ಹೋದ. ಅಣವೀರ ಮೊಬೈಲೊಂದಕ್ಕೆ ಗಾಜು ಅಂಟಿಸುತ್ತಿದ್ದ. ಸಿದ್ದಲಿಂಗೇಶ ನಿಂತುಕೊಂಡೇ ಎಲ್ಲ ಹೇಳಿದ. ಥರ್ಮಾಮೀಟರಿನದು, ಡಾಕ್ಟರದು, ಏಳು ಕಾಗದದ್ದು. ಅಣವೀರ ಗಾಜಿನ ಕೆಳಗೆ ಸಿಕ್ಕ ಗಾಳಿಯ ಗುಳ್ಳೆಯನ್ನು ಬೆರಳಿನಿಂದ ಅಂಚಿಗೆ ತಳ್ಳುತ್ತಿದ್ದವನು ಅದು ಹೋದ ಮೇಲೆ ತಲೆಯೆತ್ತಿದ.

"ಕಿವಿ ಹೋಗಿದ್ದು ಕೇಳಿ ಕೆಟ್ಟ ಅನಸ್ತದ್ರಿ."

"ಅಣವೀರಣ್ಣ, ನಂದು ತಪ್ಪಾಗ್ಯಾದ. ಭಾಳ ದೊಡ್ಡ ತಪ್ಪು."

"ಕಳ್ಳ ಅಂದದ್ದು ನಲವತ್ತು ಮಂದಿ ಮುಂದ. ತಪ್ಪಾಗ್ಯಾದ ಅಂದದ್ದು ನನ್ನೊಬ್ಬನ ಮುಂದ." ಅಣವೀರನ ದನಿಯಲ್ಲಿ ಸಿಟ್ಟಿರಲಿಲ್ಲ. "ನಾ ಏನೂ ಕೇಳಾಂಗಿಲ್ಲ. ನಿಮಗ ಅನಿಸಿದ್ದು ಮಾಡ್ರಿ."

ಸಿದ್ದಲಿಂಗೇಶ ಅಲ್ಲೇ ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತು ಬರೆದ. ಏನನ್ನೂ ಮುಚ್ಚಿಡಬಾರದೆಂದು ನಿರ್ಧರಿಸಿದ್ದ. "ಅಣವೀರನ ಆಂಪ್ ಸರಿಯಾಗಿಯೇ ಇತ್ತು. ಕೆಟ್ಟದ್ದು ನನ್ನ ಕಿವಿ. ದಿನಾ ನಾಲ್ಕು ತಾಸು ಪೂರ್ತಿ ವಾಲ್ಯೂಮ್ ಇಟ್ಟರೂ ನನಗೆ ಸರಿಯಾಗಿ ಕೇಳುತ್ತಿರಲಿಲ್ಲ. ಅದನ್ನು ಅವನ ಮೇಲೆ ಹಾಕಿದೆ. ಅವನು ಕಳ್ಳನಲ್ಲ. ಕ್ಷಮಿಸಬೇಕು." ಕಳಿಸಿದ ಮೇಲೆ ಎದೆ ಹಗುರಾಯಿತು. ಚಿತ್ತಾಪುರ ದಾಟುವವರೆಗೂ ಹಗುರವಾಗಿಯೇ ಇತ್ತು. ಹತ್ತು ಹದಿನೈದು ಮಂದಿ ಕೈಮುಗಿದ ಚಿತ್ರ ಹಾಕಿದರು. ಶೈಸ್ತಾ ಟೀಚರು ಫೋನು ಮಾಡಿ, "ಚಲೋ ಮಾಡಿದ್ರಿ ಭಾಯಿ" ಎಂದರು. ಸಂತೋಷಕುಮಾರ ಸಾಹೇಬರು ಗುಂಪಿನಲ್ಲಿ ಏನೂ ಬರೆಯಲಿಲ್ಲ. ಅಣವೀರನನ್ನು ಮತ್ತೆ ಸೇರಿಸಲು ಟೀಚರು ಹೋದರೆ, ಅವನು ಬೇಡವೆಂದನಂತೆ.

ನಾಲ್ಕನೆಯ ದಿನ ಆಫೀಸಿನಿಂದ ಕರೆ ಬಂತು. ಕಿವಿ ಮಂದವಾದವನನ್ನು ಮಿಲ್ಲಿನಲ್ಲಿ ಇಡುವುದು ಅಪಾಯ, ಆದ್ದರಿಂದ ಲಾರಿ ತೂಗುವ ಗೇಟಿಗೆ ವರ್ಗ ಎಂದರು. ಮಿಲ್ಲಿನ ಭತ್ಯೆ ಇರುವುದಿಲ್ಲ. ಅವನ ಜೊತೆ ಅದೇ ಮಿಲ್ಲಿನಲ್ಲಿ ದುಡಿಯುವ ಪ್ರಬುದ್ಧ ಯೂನಿಯನ್ನಿನಲ್ಲಿದ್ದ. ಅವನು ಕೇಳಿದ ಕೂಡಲೇ ಎದ್ದುನಿಂತ.

"ಹತ್ತೊಂಬತ್ತು ವರ್ಷ ಅಲ್ಲಿ ದುಡಿದು ಕಿವಿ ಹೋಗ್ಯಾದ. ಐದು ವರ್ಷ ಗೊತ್ತಿದ್ದೂ ಹೇಳಿಲ್ಲ. ಇದಕ್ಕ ಪರಿಹಾರ ಕೊಡಬೇಕು ಅವರು, ವರ್ಗಾ ಅಲ್ಲ. ಅರ್ಜಿ ಹಾಕೋಣ ಅಣ್ಣ. ನಿಂದು ಒಂದು ನಿಂತರ ಇನ್ನೂ ಎಂಟು ಹತ್ತು ಮಂದೀದು ಹೊರಗ ಬರ್ತದ."

ಅರ್ಜಿ ಹಾಕಿದರು. ವಿಚಾರಣೆಗೆ ಮೂವರು ಕುಳಿತರು. ಇಬ್ಬರು ಆಫೀಸಿನವರು, ವಿಭಾಗದ ಪರವಾಗಿ ಸಂತೋಷಕುಮಾರ ಸಾಹೇಬರು. ಆಫೀಸಿನವರೊಬ್ಬರು ಒಂದು ಹಾಳೆಯನ್ನು ಸಿದ್ದಲಿಂಗೇಶನ ಕಡೆಗೆ ಸರಿಸಿದರು. ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತು ಅವನು ಬರೆದ ಮಾತುಗಳು ಅದರಲ್ಲಿ ಅಚ್ಚಾಗಿದ್ದವು.

"ದಿನಾ ನಾಲ್ಕು ತಾಸು, ಪೂರ್ತಿ ವಾಲ್ಯೂಮ್. ಇದು ನೀವೇ ಬರೆದದ್ದಲ್ಲವೇ? ಅದಕ್ಕೆಂದೇ ಬಲ ಹೆಚ್ಚಿಸುವ ಯಂತ್ರ ಬೇರೆ, ಒಂದಾದ ಮೇಲೊಂದು ಐದು. ಇದಕ್ಕೆ ಫ್ಯಾಕ್ಟರಿ ಹೇಗೆ ಹೊಣೆ?"

ಸಿದ್ದಲಿಂಗೇಶ ಸಾಹೇಬರ ಮುಖ ನೋಡಿದ. ಅವರು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕುತ್ತಿದ್ದರು.

"ಜೋರು ಇಟ್ಟಿದ್ದು ಕಿವಿ ಹೋದ ಮ್ಯಾಲ್ರಿ" ಎಂದ. "ಮೊದಲಿನ ವರ್ಷ ಕಾಲು ಭಾಗನೂ ಇಡತಿದ್ದಿಲ್ಲ."

"ಅದಕ್ಕೆ ಸಾಕ್ಷಿ?"

ಸಾಕ್ಷಿ ಇದ್ದದ್ದು ಒಂದೇ ಕಡೆ. ವಾಲ್ಯೂಮ್ ಗುಂಡಿಯ ಒಳಗೆ ಒಂದು ಪಟ್ಟಿ ಇರುತ್ತದೆ. ಗುಂಡಿ ಎಲ್ಲಿ ಹೆಚ್ಚು ತಿರುಗುತ್ತದೋ ಅಲ್ಲಿ ಅದು ಸವೆಯುತ್ತದೆ. ಸಿದ್ದಲಿಂಗೇಶ ತಂದ ಆಂಪುಗಳನ್ನು ಪ್ರತಿ ಸಲ ಬಿಚ್ಚಿ ಒರೆಸುವಾಗ ಅಣವೀರ ಅದನ್ನು ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದ. ಸಿದ್ದಲಿಂಗೇಶನಿಗೆ ಆ ಅಂಗಡಿಯ ಮೆಟ್ಟಿಲು ಮತ್ತೆ ಹತ್ತುವುದು ಬೇಡವಾಗಿತ್ತು. ಪ್ರಬುದ್ಧ ಅವನನ್ನು ಎಬ್ಬಿಸಿ ಕರೆದುಕೊಂಡು ಹೋದ.

ಅಣವೀರ ಎಲ್ಲ ಕೇಳಿಸಿಕೊಂಡು ಒಳಗೆ ಹೋಗಿ ನೋಟ್‌ಬುಕ್ ತಂದ. ಪುಟ ತಿರುವಿ ಓದಿ ತೋರಿಸಿದ: ಮೊದಲ ಎರಡು ವರ್ಷ ಸವೆತ ಕಾಲು ಭಾಗದಲ್ಲಿ, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು. ಒಂದು ಬಿಳಿ ಹಾಳೆಯಲ್ಲಿ ಅಷ್ಟನ್ನೂ ತಾರೀಖಿನ ಸಮೇತ ಬರೆದು, ಸಹಿ ಮಾಡಿ, ಅಂಗಡಿಯ ಠಸ್ಸೆ ಒತ್ತಿ ಕೊಟ್ಟ. ಸಿದ್ದಲಿಂಗೇಶ ಅದನ್ನು ಎರಡೂ ಕೈಯಿಂದ ತೆಗೆದುಕೊಂಡ.

ಎರಡನೆಯ ದಿನದ ವಿಚಾರಣೆ ಕಾಲು ತಾಸೂ ನಡೆಯಲಿಲ್ಲ. ಆಫೀಸಿನವರು ಅಣವೀರನ ಚೀಟಿಯನ್ನು ಓದಿದರು. ಓದಿ, ಫೈಲಿನಿಂದ ಇನ್ನೊಂದು ಹಾಳೆ ತೆಗೆದು ಅದರ ಪಕ್ಕದಲ್ಲಿಟ್ಟರು. ಅದು ಹಳೆಯದು. ಅಣವೀರ ಸಾಮಾನು ಬದಲಿಸಿ ಮಾರುತ್ತಾನೆ, ಅವನ ಮಾತು ಯಾರೂ ನಂಬಬೇಡಿ ಎಂದು ಸಿದ್ದಲಿಂಗೇಶ ಬರೆದದ್ದು.

"ಇವರ ಮಾತು ನಂಬಬಾರದು ಎಂದು ಹೇಳಿದವರೂ ನೀವೇ. ಈಗ ನಂಬಿ ಎನ್ನುವವರೂ ನೀವೇ. ನಾವು ಯಾವುದನ್ನು ತೆಗೆದುಕೊಳ್ಳಬೇಕು?"

"ಅದು ಸುಳ್ಳಿತ್ತು ಅಂತ ಆಮ್ಯಾಲ ಬರ್ದಾರಲ್ರಿ" ಎಂದ ಪ್ರಬುದ್ಧ.

"ಹಾಗಾದರೆ ಆಮೇಲೆ ಬರೆದದ್ದನ್ನು ನಂಬೋಣ. ಅದರಲ್ಲೇ ಪೂರ್ತಿ ವಾಲ್ಯೂಮ್ ಎಂದಿದೆ."

ಸಂತೋಷಕುಮಾರ ಸಾಹೇಬರು ಎದ್ದು ಕಿಟಕಿಯ ಪರದೆ ಸರಿಸಿದರು. ಪ್ರಬುದ್ಧ ಇನ್ನೂ ಏನೇನೋ ಹೇಳುತ್ತಿದ್ದ. ಸಿದ್ದಲಿಂಗೇಶನಿಗೆ ಅರ್ಧ ಕೇಳಿತು, ಅರ್ಧ ಕೇಳಲಿಲ್ಲ. ವೈಯಕ್ತಿಕ ಹವ್ಯಾಸದಿಂದ ಉಂಟಾದ ದೋಷ ಎಂದು ಬರೆದ ಕಾಗದವನ್ನು ಮುಂದಿಟ್ಟು ಸಹಿ ಕೇಳಿದರು. ಅವನು ಮಾಡಲಿಲ್ಲ. ಅವನ ಸಹಿ ಇಲ್ಲದೆಯೇ ವರ್ಗಾವಣೆ ಸೋಮವಾರದಿಂದ ಜಾರಿಗೆ ಬಂತು. ಅರ್ಜಿ ಹಾಕುತ್ತೇವೆ ಎಂದಿದ್ದ ಮಿಲ್ಲಿನ ಉಳಿದ ಎಂಟು ಮಂದಿ, ತಮ್ಮ ಮೊಬೈಲಿನಲ್ಲೂ ಹಾಡು ಇವೆ ಎಂದು ಹೇಳಿ ಹಿಂದೆ ಸರಿದರು.

ಗೇಟಿನ ಕೆಲಸದ ಮೊದಲ ವಾರ ಮುಗಿದ ಮೇಲೆ ಸಿದ್ದಲಿಂಗೇಶ ಸೇಡಂಗೆ ಹೋದ. ಯಾಕೆ ಹೋದನೆಂದು ಅವನಿಗೇ ಸರಿಯಾಗಿ ಗೊತ್ತಿರಲಿಲ್ಲ. ಆದದ್ದನ್ನೆಲ್ಲ ಹೇಳಿದ. ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟದ್ದನ್ನೂ ಹೇ‍ಳಿದ.

"ಹಂಗೇ ಆಗ್ತದಂತ ನನಗ ಗೊತ್ತಿತ್ತು" ಎಂದ ಅಣವೀರ.

"ಮತ್ತ ಬರದು ಯಾಕ ಕೊಟ್ಟಿ?"

"ಖರೆ ಇತ್ತು, ಬರದೆ. ನಿಮ್ಮ ಸಲುವಾಗಿ ಬರದಿಲ್ಲ." ಅವನು ಗಿರಾಕಿಯೊಬ್ಬಳಿಗೆ ಚಾರ್ಜರಿನ ಡಬ್ಬಿ ಇಳಿಸಿಕೊಡುತ್ತ ಹೇಳಿದ. "ನಾ ಸುಳ್ಳು ಹೇಳೋ ಮನಷ್ಯಾ ಅಲ್ಲ ಅಂತ ಒಂದು ಕಾಗದದ ಮ್ಯಾಲರೆ ಇರಲಿ ಅಂತ ಬರದೆ. ಅದನ್ನೂ ಅವರು ತಗೊಳ್ಳಲಿಲ್ಲ, ಹೋಗಲಿ."

ಗಿರಾಕಿ ಬೇರೆ ಬಣ್ಣದ್ದು ಕೇಳಿದಳು. ಅಣವೀರ ಅದನ್ನು ಹುಡುಕಲು ಒಳಗೆ ಹೋದ. ಸಿದ್ದಲಿಂಗೇಶ ಸ್ವಲ್ಪ ಹೊತ್ತು ಕಾದ. ಆಮೇಲೆ ಇನ್ನಿಬ್ಬರು ಗಿರಾಕಿಗಳು ಬಂದರು, ಅವರಿಗೆ ಜಾಗ ಬಿಟ್ಟು ಅವನು ಕೆಳಗಿಳಿದ. ಅಣವೀರ ಅವನನ್ನು ಹಿಂದಕ್ಕೆ ಕರೆಯಲಿಲ್ಲ. ವಾಡಿ ಕಡೆಯ ಪ್ಯಾಸೆಂಜರ್ ಆ ದಿನ ಒಂದು ತಾಸು ತಡವಾಗಿತ್ತು. ಅವನು ಪ್ಲಾಟ್‌ಫಾರ್ಮಿನ ಕೊನೆಯವರೆಗೆ ನಡೆದು, ಜನ ಇಲ್ಲದ ಕಡೆ ನಿಂತುಕೊಂಡ.